ನೇರಳೆ ಎಳೆ

11 ಫೆಬ್ರುವರಿ, ಮಂಗಳವಾರ

ಇವತ್ತೂ ಬಂತು. ಅದೇ ನೇರಳೆ ಎಳೆ.

ಬೆಳಗ್ಗೆ ಕೆಲಗೇರಿ ಕಡೆಯ ಶೆಡ್ಡಿನಲ್ಲಿ ನೀರು ಹಿಡಿದದ್ದು, ಚಿಗರಿ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಕಾಲೇಜಿನ ಲ್ಯಾಬಿಗೆ ಒಯ್ದದ್ದು, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದ್ದು. ಬಿಳಿ ಫಿಲ್ಟರ್ ಕಾಗದದ ಮೇಲೆ ಆರಾಮಾಗಿ ಮಲಗಿದೆ, ಮಾವನ ಮನೆಗೆ ಬಂದ ಅಳಿಯನ ಹಾಗೆ. ಒಂದಲ್ಲ, ಹಿಂಡು. ಬಿಸಿ ಸೂಜಿ ತಾಗಿಸಿದೆ. ಮುದುಡಿಕೊಂಡಿತು. ಹತ್ತಿಯಾಗಿದ್ದರೆ ಸುಟ್ಟು ಬೂದಿಯಾಗುತ್ತಿತ್ತು. ಪ್ಲಾಸ್ಟಿಕ್ಕೇ.

ಬರಬಾರದು! ಹೋದ ವಾರ ಅವ್ವನಿಗೆ ಶಾವಿಗೆ ತೋರಿಸಿ ಹೇಳಿದ್ದೆ — ಶೆಡ್ಡಿನಲ್ಲಿ ನೀರು ಸೋಸುವ ನಮ್ಮ ಪೊರೆ ಅಂದರೆ ಇಂಥದೇ ಗೊಂಚಲು, ಒಳಗೆ ಪೊಳ್ಳು. ಮೈತುಂಬ ಕಣ್ಣಿಗೆ ಕಾಣದ ತೂತು. ಹೊರಗೆ ನಾಲಾದ ಹೊಲಸು ನೀರು. ಪಂಪು ಎಳೆದರೆ ನೀರಷ್ಟೇ ಒಳಗೆ ಬರುತ್ತದೆ. ಬಟ್ಟೆ ಒಗೆದಾಗ ಉದುರಿದ ಪ್ಲಾಸ್ಟಿಕ್ ನೂಲು, ಚೀಲದ ಚೂರು, ಎಲ್ಲ ಹೊರಗೇ. ಅವ್ವ ಕೇಳಿಸಿಕೊಂಡು ಅಂದಳು, "ಅಂದ್ರ ನೀರಿನ ಜರಡಿ ಅನ್ನು." ಮೂರು ವರ್ಷ ಓದಿದ್ದು ಅಷ್ಟಕ್ಕೇ ಮುಗಿಯಿತು.

ಮಾರ್ಚ್ ಹತ್ತಕ್ಕೆ ಬೆಂಗಳೂರಿನಿಂದ ಅಧಿಕಾರಿಗಳು ಬರುತ್ತಾರೆ. ಸೋಸಿದ ನೀರಿನಲ್ಲಿ ಪ್ಲಾಸ್ಟಿಕ್ ಇಲ್ಲ ಅಂತ ತೋರಿಸಿದರೆ ದೊಡ್ಡ ಘಟಕ. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ನನ್ನ ಪಿಎಚ್‌ಡಿಗೆ ಎಳ್ಳುನೀರು.

ಕಣ್ಣು ಮುಚ್ಚಿದರೂ ನೇರಳೆ ಕಾಣುತ್ತದೆ. ಸಾಕಾಗಿದೆ.

12 ಫೆಬ್ರುವರಿ

ಸಿಕ್ಕಿತು! ಫರಾಜನ ಅಂಗಿ!

ಇಷ್ಟು ದಿನ ಕಣ್ಣು ಎಲ್ಲಿ ಇಟ್ಟಿದ್ದೆನೋ. ಪಂಪು ನೋಡಿಕೊಳ್ಳಲು ನಾವೇ ಇಟ್ಟುಕೊಂಡ ಮನುಷ್ಯ, ದಿನಾ ಎದುರಿಗೇ ಇರುತ್ತಾನೆ, ದಿನಾ ಅದೇ ಟೀಶರ್ಟು. ಯಾವುದೋ ಕ್ರಿಕೆಟ್ ತಂಡದ್ದು. ನೇರಳೆ. ಮಿರಿಮಿರಿ ಮಿಂಚುವ ಪಾಲಿಸ್ಟರ್. ಶೆಡ್ಡಿಗೆ ಹೋದವಳೇ ಚಪ್ಪಲಿ ಸಹ ಬಿಡದೆ ಕೂಗಿದೆ.

"ಫರಾಜ, ಆ ಅಂಗಿ ಬಿಚ್ರಿ."

"ಯಾ ಅಲ್ಲಾ! ಮೇಡಮ್ಮಾರ, ಮೊದ್ಲ ಚಾ ಆದ್ರೂ ಕುಡೀರಿ."

"ನಗಬ್ಯಾಡ್ರಿ. ಇದರ ನೂಲು ನನ್ನ ನೀರಾಗ ಬೀಳಾಕತ್ತಾವು."

"ಎರಡು ವರ್ಷದ ಅಂಗಿ ಐತ್ರಿ ಇದು. ಇನ್ನೂ ಬೀಳೂದು ಉಳದೈತೇನು ಇದರಾಗ?"

ಹಳೆಯದಾದಷ್ಟೂ ಹೆಚ್ಚು ಬೀಳುತ್ತದೆ ಅಂದೆ. ಮಾಲಕರು ನೀವು, ಹೇಳಿದಂಗ ಆಗ್ಲಿ ಅಂತ ಕೈ ಮುಗಿದ. ಚಾ ಕುಡಿದೆ. ಇಷ್ಟು ಹಗುರಾಗಿ ಚಾ ಕುಡಿದು ತಿಂಗಳಾಗಿತ್ತು.

15 ಫೆಬ್ರುವರಿ, ಶನಿವಾರ

ಗರಗಕ್ಕೆ ಹೋಗಿ ಖಾದಿ ಅಂಗಿ ತಂದೆ. ನನಗೆ ಎರಡು, ಫರಾಜನಿಗೆ ಎರಡು. ಶುದ್ಧ ಹತ್ತಿ. ಇನ್ನು ಶೆಡ್ಡಿನೊಳಗೆ ಬೇರೆ ಬಟ್ಟೆ ಇಲ್ಲ ಅಂತ ಬಾಗಿಲಿಗೆ ಬರೆದು ಅಂಟಿಸಿದೆ. ಫರಾಜ ಅಂಗಿ ಹಾಕಿಕೊಂಡು, ಎದೆ ಮುಂದೆ ಮಾಡಿ, ಸೋಸಿದ ನೀರಿನ ಟಾಕಿಯ ಸುತ್ತ ಒಂದು ರೌಂಡು ಹೊಡೆದ. "ಇನ್ನ ಓಟು ಕೇಳಾಕ ಹೋಗೂದೊಂದು ಬಾಕಿ ಉಳೀತ್ರಿ ಮೇಡಮ್ಮಾರ." ನಗು ತಡೆಯಲಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಓಣಿಯೆಲ್ಲ ಗದ್ದಲ. ನೀರು ಬಂದಿದೆ. ಎಂಟನೆಯ ದಿನಕ್ಕೆ. ಅವ್ವ ಸೆರಗು ಸಿಗಿಸಿ, ನಳಕ್ಕೆ ಬಟ್ಟೆ ಕಟ್ಟಿ, ಕೊಡದ ಮೇಲೆ ಕೊಡ ತುಂಬುತ್ತಿದ್ದಳು. ನನ್ನ ಕೈಗೂ ಒಂದು ಕೊಡ. ಡ್ರಮ್ಮು, ಬಕೆಟ್ಟು, ಕುಕ್ಕರು, ಕೊನೆಗೆ ಚರಿಗೆ ಸಹ ತುಂಬಿದ ಮೇಲೆ ಅವ್ವ ಕೂತಳು. ನೀರು ತುಂಬಿದ ದಿನ ಅವ್ವನ ಮುಖ ನೋಡಬೇಕು, ಹಬ್ಬದ ಕಳೆ.

ಅವ್ವ ಸಣ್ಣಾಕಿ ಇದ್ದಾಗ ಅವಳ ತವರೂರಿನಲ್ಲಿ ನಮ್ಮವರು ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಮೇಲಿನಿಂದ ಸುರಿಯುವವರೆಗೆ ಕೊಡ ಇಟ್ಟುಕೊಂಡು ಕಾಯಬೇಕು. ಸುರಿಯುವವರು ಏನು ಬೇಕಾದರೂ ಸುರಿದಾರು, ಕಸ, ಕಡ್ಡಿ, ಕೆಸರು. ಅಜ್ಜಿ ಕೊಡದ ಬಾಯಿಗೆ ಸೆರಗು ಹಿಡಿಯುತ್ತಿದ್ದಳಂತೆ. ಅಪ್ಪನಿಗೆ ನೀರು ಬಿಡುವ ನೌಕರಿ ಸಿಕ್ಕು ಧಾರವಾಡಕ್ಕೆ ಬಂದು, ಸ್ವಂತ ನಳ ಹಾಕಿಸಿದ ದಿನ ಅವ್ವ ಮೊದಲು ಮಾಡಿದ ಕೆಲಸ ಅದಕ್ಕೆ ಬಟ್ಟೆ ಕಟ್ಟಿದ್ದು. ಈ ಕಥೆಯನ್ನು ಇವತ್ತು ಮತ್ತೆ ಹೇಳಿದಳು. ನಾನು ಅರ್ಧ ಕೇಳಿದೆ. ತಲೆಯಲ್ಲಿ ಸೋಮವಾರದ ಬಾಟಲಿ.

18 ಫೆಬ್ರುವರಿ

ಇದೆ. ಇನ್ನೂ ಇದೆ!

ಖಾದಿ ಹಾಕಿದ್ದೇವೆ. ಕೂದಲಿಗೆ ಹತ್ತಿ ಬಟ್ಟೆ ಕಟ್ಟಿದ್ದೇವೆ. ಗಾಳಿಯಲ್ಲಿ ತೆರೆದಿಟ್ಟ ಕಾಗದದ ಮೇಲೆ ಏನೂ ಬಿದ್ದಿಲ್ಲ. ಲ್ಯಾಬಿನಲ್ಲೂ ಏನಿಲ್ಲ. ಸೋಸಿದ ನೀರಿನಲ್ಲಿ ಮಾತ್ರ ಬರುತ್ತದೆ. ಅಂದರೆ ನೀರು ಸೋಸಿಯೇ ಇಲ್ಲ...

ಹಾಗಾದರೆ ಬೈಪಾಸ್. ಪೊರೆ ತೊಳೆಯುವ ದಿನಕ್ಕೆಂದು ಇಟ್ಟ ಪೈಪು, ನಾಲಾದ ನೀರನ್ನು ಪೊರೆ ತಪ್ಪಿಸಿ ಸೀದಾ ಟಾಕಿಗೆ ಬಿಡುತ್ತದೆ. ಅದರ ವಾಲ್ವು ಸ್ವಲ್ಪ ತೆರೆದರೆ ಪಂಪಿಗೆ ಭಾರ ಕಡಿಮೆ, ಟಾಕಿ ಲಗೂ ತುಂಬುತ್ತದೆ, ಆಪರೇಟರ್ ಲಗೂ ಮನೆಗೆ ಹೋಗಬಹುದು. ಕೇಳಿಯೇಬಿಟ್ಟೆ.

"ಮುಟ್ಟಿಲ್ರಿ."

"ಖರೇ ಹೇಳ್ರಿ ಫರಾಜ."

"ಖರೇನ ಹೇಳಾಕತ್ತೇನಿ. ಅಂಗಿ ಅಂದ್ರಿ, ಬಿಚ್ಚಿದೆ. ಈಗ ವಾಲ್ವ್ ಅಂತೀರಿ. ನಾಳೆ ನನ್ನ ಗಡ್ಡ ಅಂತೀರೇನು?"

ಅವನು ತಮಾಷೆಗೇ ಅಂದಿರಬಹುದು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಕೂತಲ್ಲೇ ಕುಮಾರಸ್ವಾಮಿ ಸರ್‌ಗೆ ಮೇಲ್ ಬರೆದೆ. ನನ್ನ ಗೈಡು ಅವರು, ಶೆಡ್ಡಿನ ಉಸ್ತುವಾರಿಯೂ ಅವರದೇ. ನವಲೂರು ದಾಟುವಷ್ಟರಲ್ಲಿ ಕಳಿಸಿಯೂ ಬಿಟ್ಟೆ. ಎರಡು ಸ್ಟಾಪ್ ತಡೆದಿದ್ದರೆ ಸಿಟ್ಟು ಇಳಿಯುತ್ತಿತ್ತೇನೋ.

22 ಫೆಬ್ರುವರಿ, ಶನಿವಾರ

ಸರ್ ಫರಾಜನಿಗೆ ಸೋಮವಾರದಿಂದ ಬರಬೇಡ ಅಂದರು. ಕಾಲೇಜಿನ ಕಾರಿಡಾರಿನಲ್ಲಿ, ನಾಲ್ಕು ಜನ ಹುಡುಗರು, ಇಬ್ಬರು ಅಟೆಂಡರ್‌ಗಳ ಮುಂದೆ. "ನೀರಿನ ಕೆಲಸದಾಗ ಮೋಸ ನಡಿಯೂದಿಲ್ಲಪಾ." ಮೋಸ ಅನ್ನುವ ಮಾತು ನನ್ನ ಮೇಲ್‌ನಲ್ಲಿ ಇರಲಿಲ್ಲ. ಇರಲಿಲ್ಲವೇ? ತೆಗೆದು ನೋಡಿದೆ. ಇತ್ತು.

ಸಂಜೆ ಶೆಡ್ಡಿಗೆ ಹೋದರೆ ಎರಡೂ ಖಾದಿ ಅಂಗಿ ಪಂಪಿನ ಮೇಲೆ. ಒಗೆದು, ಮಡಿಚಿ ಇಟ್ಟಿದ್ದ. ಅವುಗಳ ಮೇಲೆ ಶೆಡ್ಡಿನ ಕೀಲಿಕೈ.

ಮನಸ್ಸು ಸರಿ ಇಲ್ಲ. ಅವ್ವ ಎರಡು ಸಲ ಕೇಳಿದಳು, ಏನಾಗೇತಿ ಅಂತ. ಏನಿಲ್ಲ ಅಂದೆ.

3 ಮಾರ್ಚ್, ಸೋಮವಾರ

ಬರೆಯಲು ಮೋರೆ ಇರಲಿಲ್ಲ ಇಷ್ಟು ದಿನ.

ಫರಾಜ ಹೋದ ಮೇಲೂ ಎಳೆ ಬರುತ್ತಿದೆ. ಪಂಪು ನಾನೇ ನಡೆಸುತ್ತೇನೆ. ಬೈಪಾಸ್ ವಾಲ್ವಿಗೆ ನಾನೇ ಬೀಗ ಜಡಿದಿದ್ದೇನೆ, ಕೀಲಿಕೈ ನನ್ನ ಕೊರಳಲ್ಲಿದೆ. ಆದರೂ ಬರುತ್ತಿದೆ. ಮೊದಲಿನಷ್ಟೇ. ಅವನೇ ಅಲ್ಲವಾದರೆ ಮತ್ತೆ ಯಾರು? ಪೊರೆ ಹರಿದಿದೆಯೇ? ನಾಳೆ ಗಾಳಿ ತುಂಬಿ ನೋಡಬೇಕು. ಹರಿದಿದ್ದರೆ ಗುಳ್ಳೆ ಬರುತ್ತದೆ.

ಹರಿದಿರಲಿ ದೇವರೇ, ಅಂದುಕೊಂಡೆ. ಸ್ವಂತ ಯಂತ್ರ ಹಾಳಾಗಿರಲಿ ಎಂದು ಬೇಡಿಕೊಳ್ಳುವ ಹುಚ್ಚಿ ಊರಲ್ಲಿ ನಾನೊಬ್ಬಳೇ ಇರಬೇಕು. ಹರಿದಿದ್ದರೆ ತಪ್ಪು ಯಂತ್ರದ್ದು. ಹರಿದಿರದಿದ್ದರೆ...

4 ಮಾರ್ಚ್

ಹರಿದಿಲ್ಲ. ಒಂದು ಗುಳ್ಳೆಯೂ ಬರಲಿಲ್ಲ.

ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಹೋದೆ. ಪೊರೆಯಿಂದ ಬರುವ ಪೈಪನ್ನು, ಟಾಕಿಗೆ ಸೇರುವ ಮೊದಲೇ, ಸ್ಪ್ಯಾನರ್ ಹಾಕಿ ಬಿಚ್ಚಿ ಅಲ್ಲೇ ಬಾಟಲಿ ಹಿಡಿದೆ. ಟಾಕಿಯೊಳಗೆ ಮಗ್ ಅದ್ದಿ ಒಂದು ಬಾಟಲಿ. ದಿನಾ ಹಿಡಿಯುವ ಹಾಗೆ ಟಾಕಿಯ ನಳದಿಂದ ಇನ್ನೊಂದು. ಮೂರನ್ನೂ ಲ್ಯಾಬಿಗೆ ಒಯ್ದೆ. ಪೈಪಿನ ನೀರು ಶುದ್ಧ. ಟಾಕಿಯ ನೀರು ಶುದ್ಧ. ನಳದ ನೀರಿನಲ್ಲಿ ನೇರಳೆ ಹಿಂಡು.

ಪೊರೆ ತನ್ನ ಕೆಲಸ ಮಾಡಿದೆ! ಮೊದಲ ದಿನದಿಂದ ಮಾಡಿದೆ!

ಕುಣಿಯಬೇಕಿತ್ತು. ಅದೇ ಕಾಲಲ್ಲಿ ಬಸ್ಸು ಹಿಡಿದು ಶೆಡ್ಡಿಗೆ ವಾಪಸ್ ಬಂದೆ. ನಳದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಿತ್ತಾಳೆಯ ನಳ. ತುಕ್ಕಿಲ್ಲ, ಬಣ್ಣವಿಲ್ಲ. ಬಾಯಿಗೆ ಬಟ್ಟೆ ಕಟ್ಟಿದೆ, ಎಲ್ಲ ನಳಕ್ಕೂ ಕಟ್ಟಿರುವಂತೆ. ಅದನ್ನು ಸರಿಸಿ ಒಳಗೆ ಬೆರಳು ಹಾಕಿ ನೋಡಿದೆ. ಏನಿಲ್ಲ. ಬಟ್ಟೆ ಮತ್ತೆ ಸರಿಮಾಡಿದೆ. ಸರಿಮಾಡಿದೆ! ಎದ್ದು ಬಾಗಿಲವರೆಗೆ ಹೋದೆ. ಆಗ ಕಾಲು ಅಲ್ಲೇ ನಿಂತವು.

ಬಟ್ಟೆ.

ಮೇಲೆ ಧೂಳು ಕೂತು ಬೂದಿ ಬಣ್ಣ. ಗಂಟು ಬಿಚ್ಚಿದೆ. ಒಳ ಮಡಿಕೆ ನೇರಳೆ.

ಅವ್ವನ ಸೀರೆ. ಅಪ್ಪನ ನಿವೃತ್ತಿ ದಿನ ಆಫೀಸಿನವರು ಉಡಿ ತುಂಬಿದ್ದು. ಮಿಂಚುವ ಪಾಲಿಸ್ಟರ್, ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ ಅಂತ ಅವ್ವ ಹರಿಯುವವರೆಗೆ ಉಟ್ಟದ್ದು. ಈಗ ನೆನಪಾಗುತ್ತಿದೆ, ಶೆಡ್ಡಿನ ಪೂಜೆಯ ದಿನ ಅವ್ವನೂ ಬಂದಿದ್ದಳು. ನಾವೆಲ್ಲ ಪೇಢೆ ತಿನ್ನುತ್ತ ನಿಂತಾಗ ಅವಳು ಟಾಕಿಯ ಹತ್ತಿರ ಏನೋ ಮಾಡುತ್ತಿದ್ದಳು. "ಬರೀ ನಳ ಛಂದ ಕಾಣಂಗಿಲ್ಲ" ಅಂದಿದ್ದಳು.

ಫರಾಜ ದಿನಾ ನೋಡಿದ. ಸರ್ ಎಷ್ಟು ಸಲ ಬಂದರು, ನೋಡಿದರು. ನಾನು ದಿನಾ ಬೆಳಗ್ಗೆ ಅದೇ ಬಟ್ಟೆಯ ಕೆಳಗೆ ಬಾಟಲಿ ಹಿಡಿದೆ. ನಳ ಅಂದರೆ ಬಟ್ಟೆ ಇರುತ್ತದೆ. ಯಾರ ಕಣ್ಣಿಗೂ ಅದು ಬಟ್ಟೆ ಅಂತ ಕಾಣಲೇ ಇಲ್ಲ. ಸಾಸಿವೆ ಕಾಳಿನ ಸಾವಿರದಲ್ಲೊಂದು ಪಾಲು ಹುಡುಕುವವಳು ನಾನು... ಥೂ.

ಮತ್ತೆ ಫರಾಜ?

5 ಮಾರ್ಚ್

ಸರ್‌ಗೆ ಹೇಳಿದೆ. ಒಂದು ನಿಮಿಷ ನನ್ನ ಮುಖವನ್ನೇ ನೋಡಿ, ಆಮೇಲೆ ಕನ್ನಡಕ ತೆಗೆದಿಟ್ಟು ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ.

"ಬಟ್ಟಿ ತಗದಿ ಹೌದಲ್ಲೋ? ನೀರು ಶುದ್ಧ ಬಂತು ಹೌದಲ್ಲೋ? ಮುಗೀತು ಬಿಡು."

"ಫರಾಜರದು, ಸರ್?"

ಕನ್ನಡಕ ಮತ್ತೆ ಹಾಕಿಕೊಂಡರು. "ನೋಡವಾ, ಅವರು ಬಂದಾಗ ಆಪರೇಟರನ ಚೂಕು ಆಗಿತ್ತು, ಸರಿ ಮಾಡೇವಿ ಅಂದ್ರ ಆತು. ಅಂವ ಹೆಂಗೂ ಹೋಗ್ಯಾನ. ನಿಮ್ಮ ಅವ್ವನ ಸೀರಿ ಅಂತ ಅಷ್ಟು ಮಂದಿ ಮುಂದ ಹೇಳಾಕ ಹೊಂಟಿಯೇನು? ನಿನ್ನ ಲ್ಯಾಬಿಗೆ ಯಾರರೆ ಬೆಲಿ ಕೊಡ್ತಾರೇನು ಆಮ್ಯಾಲ?"

ಕೆಟ್ಟವರಲ್ಲ ಸರ್. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅದಕ್ಕೇ ಹೂಂ ಅಂದು ಹೊರಗೆ ಬಂದೆ. ಹೂಂ ಅಂದದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

7 ಮಾರ್ಚ್, ಶುಕ್ರವಾರ

ಕೇಶ್ವಾಪುರಕ್ಕೆ ಹೋದೆ. ಫರಾಜ ಅಲ್ಲಿ ಭಾವನ ಅಂಗಡಿಯಲ್ಲಿ ನೀರು ಶುದ್ಧ ಮಾಡುವ ಮಶೀನು ರಿಪೇರಿಗೆ ಕೂತಿದ್ದಾನೆ. ಅದೇ ನೇರಳೆ ಟೀಶರ್ಟು. ನನ್ನನ್ನು ನೋಡಿದರೂ ಕೈಯಲ್ಲಿನ ಕೆಲಸ ಬಿಡಲಿಲ್ಲ.

ನಿಂತಲ್ಲೇ ಎಲ್ಲ ಹೇಳಿದೆ. ಬಟ್ಟೆಯನ್ನು ಬ್ಯಾಗಿನಿಂದ ತೆಗೆದು ಕೌಂಟರ್ ಮೇಲೆ ಇಟ್ಟೆ. ಎತ್ತಿ, ಬೆಳಕಿಗೆ ಹಿಡಿದು, ತನ್ನ ತೋಳಿನ ಪಕ್ಕ ಇಟ್ಟು ನೋಡಿದ. ನಕ್ಕ. ಆ ನಗುವಿನಲ್ಲಿ ಮೊದಲಿನ ಹುರುಪಿರಲಿಲ್ಲ.

"ಬಗಲಾಗ ಕೂಸು ಇಟ್ಕೊಂಡು ಓಣಿ ತುಂಬ ಹುಡುಕಿದ್ರಂತ. ನನ್ನ ಅಂಗಿ ಬಿಚ್ಚಿಸಿದ್ರಿ ಮೇಡಮ್ಮಾರ, ನಳದ ಅಂಗಿ ಬಿಚ್ಚಿಸಲಿಲ್ಲ."

"ತಪ್ಪಾತ್ರಿ ಫರಾಜ. ನಂದ ತಪ್ಪು."

"ಆತು ಬಿಡ್ರಿ."

"ವಾಪಸ್ ಬರ್ರಿ."

ಸ್ಕ್ರೂ ಒಂದನ್ನು ಹುಡುಕುತ್ತ ಬಹಳ ಹೊತ್ತು ತೆಗೆದುಕೊಂಡ. ಅದು ಅವನ ಮುಂದೆಯೇ ಇತ್ತು.

"ನನಗ ಮೋಸಗಾರ ಅಂದದ್ದು ನಾಲ್ಕ ಮಂದಿ ಮುಂದ. ನೀವು ತಪ್ಪಾತು ಅನ್ನೂದು ಇಲ್ಲಿ, ನನ್ನೊಬ್ಬನ ಮುಂದ. ಇದು ಹೆಂಗ ಸಮ ಆಕ್ಕೈತಿ, ನೀವ ಹೇಳ್ರಿ."

ಆಗುವುದಿಲ್ಲ. ಸೋಮವಾರ ಹತ್ತಕ್ಕೆ ಶೆಡ್ಡಿಗೆ ಬನ್ನಿ ಅಂದು ಬಂದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

9 ಮಾರ್ಚ್, ಭಾನುವಾರ

ಮಧ್ಯಾಹ್ನ ಊಟ ಆದ ಮೇಲೆ ಅವ್ವ ಟ್ರಂಕು ತೆರೆದು ಕೂತಳು. ಏನೋ ಮಡಿಚಿ, ಅಂಚು ಹೊಲಿದು, ಖುಷಿಯಿಂದ ತಂದು ತೋರಿಸಿದಳು. ಅದೇ ಸೀರೆಯ ಸೆರಗು. ಜರಿ ಇರುವ ಭಾಗ. ಇಷ್ಟು ದಿನ ಎತ್ತಿಟ್ಟಿದ್ದಳಂತೆ.

"ನಾಳೆ ದೊಡ್ಡ ಮಂದಿ ಬರ್ತಾರಲ್ಲಾ. ನಿನ್ನ ನಳದ ಬಟ್ಟಿ ಹಳೇದಾಗಿರತೈತಿ. ಇದನ್ನ ಕಟ್ಟು. ಇಲ್ಲಾ, ನಾನ ಬಂದು ಕಟ್ತೇನಿ."

ಹೇಳದೆ ಇರಬಹುದಿತ್ತು. ಆಯ್ತು ಬೇ ಅಂದು ಬ್ಯಾಗಿಗೆ ತುರುಕಿಕೊಂಡರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಎಲ್ಲ ಹೊರಗೆ ಬಂತು. ಎಳೆ, ಫರಾಜ, ಗಂಟು, ಎಲ್ಲ. ಮೆತ್ತಗೆ ಹೇಳಲು ಬರುವುದಿಲ್ಲ ನನಗೆ. ಕೂಗಾಡಿದಂತೆಯೇ ಹೇಳಿದೆ.

ಅವ್ವ ಸೆರಗನ್ನು ತೊಡೆಯ ಮೇಲಿಟ್ಟುಕೊಂಡು, ಅಂಚು ಸವರುತ್ತ ಕೇಳಿದಳು.

"ಪಾಪ, ಆ ಹುಡುಗನ ನೌಕರಿ ಹೋತೇನು? ನನ್ನ ಕೈಲಿಂದ?"

"ನಿನ್ನ ಕೈಲಿಂದ ಅಲ್ಲ ಬೇ, ನನ್ನ ಬಾಯಿಲಿಂದ."

"ನಾಳೆ ಹೇಳು ಮತ್ತ. ನನ್ನ ಹೆಸರು ಹಿಡದ ಹೇಳು. ಸತ್ಯವ್ವ ಕಟ್ಟಿದ್ದು ಅನ್ನು. ನಾ ಏನು ಕದ್ದಿಲ್ಲ."

ಸೆರಗನ್ನು ಟ್ರಂಕಿಗೆ ಹಾಕಿದಳು, ಬೀಗ ಹಾಕಿದಳು. ಅಡುಗೆಮನೆಗೆ ಹೋದವಳು ಅರ್ಧ ದಾರಿಯಲ್ಲಿ ನಿಂತಳು. ನಮ್ಮ ಮನೆಯ ನಳ ಅಲ್ಲಿಂದ ಕಾಣುತ್ತದೆ.

"ಜಯಾ... ಅದಕ್ಕ ಕಟ್ಟಿದ್ದೂ ಅಂಥಾದ್ದ ಐತಿ."

ನಾನು ಎದ್ದು ಅವಳ ಪಕ್ಕಕ್ಕೆ ಹೋದೆ.

"ಮೊದ್ಲ ಧೋತ್ರದ ಅರಿವಿ ಕಟ್ತಿದ್ದೆ. ನೀ ಹುಟ್ಟೂ ಹೊತ್ತಿಗೆ ಇಂಥಾ ಸೀರಿ ಬಂದ್ವು. ಸಣ್ಣ ನೇಯ್ಗಿ ಐತಿ, ಛಲೋ ಸೋಸತೈತಿ ಅಂತ... ನಿನಗ ಹಾಲು ಬಿಡಿಸಿದ ಮ್ಯಾಲ ಅದ ನೀರು."

10 ಮಾರ್ಚ್, ಸೋಮವಾರ. ಸಂಜೆ

ಹೇಳಿದೆ.

ಮೂವರು ಅಧಿಕಾರಿಗಳು, ಸರ್, ಅವತ್ತು ಕಾರಿಡಾರಿನಲ್ಲಿದ್ದ ನಾಲ್ಕೂ ಹುಡುಗರು — ಕರೆಸಿದ್ದೆ. ಅಟೆಂಡರ್ ಇಬ್ಬರನ್ನೂ ಕರೆಸಿದ್ದೆ. ಫರಾಜ ಬಾಗಿಲ ಹೊರಗೆ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಟ್ಟೆ ಕೈಯಲ್ಲಿ ಹಿಡಿದು ಹೇಳಿದೆ: ಇದು ನಮ್ಮ ಅವ್ವ ಸತ್ಯವ್ವ ಕಟ್ಟಿದ್ದು. ಇದರ ಕೆಳಗೆ ದಿನಾ ನೀರು ಹಿಡಿದವಳು ನಾನು. ಫರಾಜ ಮೋಸ ಮಾಡಿದರು ಅಂತ ಬರೆದವಳೂ ನಾನೇ. ಅವರು ಮಾಡಿಲ್ಲ.

ಸರ್ ನೆಲ ನೋಡುತ್ತಿದ್ದರು. ಬಂದವರಲ್ಲಿ ಹಿರಿಯರೊಬ್ಬರು ಬಟ್ಟೆ ಕೈಗೆ ತೆಗೆದುಕೊಂಡರು, ತಿರುಗಿಸಿ ನೋಡಿದರು. "ನಮ್ಮ ಮನೇಲೂ ಕಟ್ಟಿದೆಯಲ್ರೀ" ಅಂದರು, ಯಾರಿಗೋ ಅಲ್ಲ, ತಮಗೇ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗಲಿಲ್ಲ. ಆಮೇಲೆ ಸರ್ ಫರಾಜನ ಹತ್ತಿರ ಹೋಗಿ ಮೆಲ್ಲಗೆ ಏನೋ ಅಂದರು. ಫರಾಜ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, "ಇರ್ಲಿ ಬಿಡ್ರಿ ಸಾಹೇಬ್ರ" ಅಂದು ಒಳಗೆ ಬಂದು ಪಂಪು ಚಾಲೂ ಮಾಡಿದ.

ದೊಡ್ಡ ಘಟಕದ ಮಾತು — ನೋಡೋಣ, ಪತ್ರ ಬರೆಯುತ್ತೇವೆ ಅಂದಿದ್ದಾರೆ. ಎಂದಿನ ಮಾತು. ಆಗಲಿ, ಬಿಡಲಿ. ಇವತ್ತು ಹೊಟ್ಟೆ ತುಂಬ ಉಂಡೆ.

11 ಮಾರ್ಚ್

ನೀರು ಬಂತು. ಓಣಿಯಲ್ಲಿ ಅದೇ ಗದ್ದಲ. ಅವ್ವ ಕೊಡ ಮುಟ್ಟಲಿಲ್ಲ. ನನ್ನ ಬ್ಯಾಗಿನಿಂದ ಲ್ಯಾಬಿನ ಎರಡು ಗಾಜಿನ ಬಾಟಲಿ ತಾನೇ ತೆಗೆದಳು. ಒಂದನ್ನು ಬಟ್ಟೆ ಕಟ್ಟಿದ ಹಾಗೇ ನಳಕ್ಕೆ ಹಿಡಿದಳು. ಆಮೇಲೆ ಗಂಟು ಬಿಚ್ಚಿದಳು. ಬಿಗಿದುಕೊಂಡಿತ್ತು, ಹಲ್ಲಿನಿಂದ ಬಿಚ್ಚಿದಳು. ಬರೀ ನಳದಿಂದ ಇನ್ನೊಂದು.

"ಎಣಿಸಿ ಹೇಳು."

"ಯಾಕ ಬೇ? ಬಿಟ್ಟಬಿಡು. ನಾಳೆಯಿಂದ ಖಾದಿ ಕಟ್ಟೂಣು."

"ಊರವರ ನೀರೆಲ್ಲ ಎಣಿಸ್ತಿ. ನಮ್ಮ ಮನೀದು ಎಣಿಸಾಕ ಏನಾಗೇತಿ?"

ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ನಳ ಬರಿದಾಗಿದೆ. ಅಪ್ಪ ಎರಡು ಸಲ ಹೋಗಿ ನೋಡಿ ಬಂದ.

12 ಮಾರ್ಚ್, ಬುಧವಾರ. ಸಂಜೆ 6

ಎಣಿಸಿದೆ. ಮೂರು ಸಲ ಎಣಿಸಿದೆ, ತಪ್ಪಿರಲಿ ಅಂತ. ಸೂಜಿಯೂ ತಾಗಿಸಿದೆ.

ಬಸ್ಸಿನಲ್ಲಿ ಒಂದೇ ಯೋಚನೆ. ಎರಡೂ ಬಾಟಲಿ ಒಂದೇ ಥರ ಇದ್ದವು ಅನ್ನಬಹುದು. ಅವ್ವನ ಹತ್ತಿರ ಮೈಕ್ರೋಸ್ಕೋಪ್ ಇಲ್ಲ. ಪ್ಲಾಸ್ಟಿಕ್ ಎಲ್ಲ ಕಡೆ ಇದೆ ಬೇ, ಗಾಳಿಯಲ್ಲಿ, ಉಪ್ಪಿನಲ್ಲಿ, ನಿನ್ನ ಬಟ್ಟೆ ಯಾವ ಲೆಕ್ಕ ಅನ್ನಬಹುದು. ಅದೂ ಖರೇನೇ. ಅದು ಮೈಗೆ ಏನು ಮಾಡುತ್ತದೆ ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಅನ್ನಬಹುದು. ಅದೂ ಖರೇ. ಇಷ್ಟು ಖರೇ ಮಾತುಗಳನ್ನು ಜೋಡಿಸಿ ಒಂದು ಸುಳ್ಳು ಹೇಳಿ ಮುಗಿಸಬಹುದು.

ಫರಾಜನ ಹತ್ತಿರ ಹೋಗುವುದೇ ಇದಕ್ಕಿಂತ ಸುಲಭವಿತ್ತು.

ಅವ್ವ ಚಾ ತಂದಿದ್ದಾಳೆ. ಕಪ್ಪು ಬಸಿ ಟೇಬಲ್ ಮೇಲಿಟ್ಟಳು, ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದಾಳೆ. ನಾನು ಬರೆಯುವುದು ಮುಗಿಯಲಿ ಅಂತ ಕಾಯುತ್ತಿದ್ದಾಳೆ. ಅದಕ್ಕೇ ಬರೆಯುತ್ತಲೇ ಇದ್ದೇನೆ.

"ಎಷ್ಟಿದ್ದುವು?"

ಚಾ ಆರುತ್ತಿದೆ.

"ಹೇಳವಾ. ಕಟ್ಟಿದಾಕಿ ನಾನು. ನನಗ ಗೊತ್ತಾಗಬೇಕು."

ಹೇಳುತ್ತೇನೆ. ಪೆನ್ನು ಕೆಳಗಿಡುತ್ತೇನೆ. ಯವ್ವಾ, ಬಟ್ಟೆಯ ನೀರಿನಲ್ಲಿ...